ಈರಪ್ಪನ ಹೆಸರಿಗೆ ಬಂದ ಪತ್ರ

ಕೊರೊನಾ ಬರುವುದಕ್ಕೆ ಹಿಂದಿನ ವರ್ಷ. ನಾನಾಗ ನಾಲ್ಕು ತಾಲೂಕುಗಳಿಗೆ ಒಬ್ಬನೇ ಸರ್ಕಾರಿ ಮನೋವೈದ್ಯ. ಸೋಮವಾರ ಹಳಿಯಾಳ, ಮಂಗಳವಾರ ದಾಂಡೇಲಿ, ಬುಧವಾರ ಜೋಯಿಡಾ, ಗುರುವಾರ ಮುಂಡಗೋಡ. ಒಂದು ಜೀಪು, ಒಬ್ಬ ಡ್ರೈವರ್, ಆಪ್ತಸಮಾಲೋಚಕಿ ಗಿರಿಜಕ್ಕ ಮತ್ತು ನಾನು. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು.

ನನ್ನಷ್ಟು ಓದಿದ ಮನೋವೈದ್ಯರು ಜಿಲ್ಲೆಯಲ್ಲಿ ಇದ್ದಿರಬಹುದು, ನನ್ನಷ್ಟು ಚೇಷ್ಟೆಯವನು ಮಾತ್ರ ಇರಲಿಲ್ಲ. ಗಿರಿಜಕ್ಕನ ಊಟದ ಡಬ್ಬಿಯಲ್ಲಿ ರಬ್ಬರ್ ಹಲ್ಲಿ ಇಟ್ಟವನು ನಾನು. ಸೂಪಾ ಅಣೆಕಟ್ಟಿನ ನೀರು ಮುಂದೆ ರಸ್ತೆಗೇ ಬಂದಿದೆ ಎಂದು ನಂಬಿಸಿ, ಸುಡುಬಿಸಿಲಿನಲ್ಲಿ ಡ್ರೈವರನ ಪ್ಯಾಂಟು ಮೊಣಕಾಲಿನವರೆಗೆ ಮಡಚಿಸಿದವನೂ ನಾನೇ. ಗಿರಿಜಕ್ಕ ಪ್ರತಿ ಸಲವೂ ಹಲ್ಲು ಕಡಿಯುತ್ತ ಹೇಳುತ್ತಿದ್ದಳು: “ತಡೀರಿ ಸಾಹೇಬ್ರ, ಒಂದ ದಿನ ನಿಮಗೂ ತೋರಸ್ತೇನಿ.” ಅವಳ ಈ ಬೆದರಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಹೋಗಿದ್ದು ಅದರಿಂದಲೇ.

ಆ ವರ್ಷ ನಾನೊಂದು ಸಂಶೋಧನೆಗೆ ಕೈ ಹಾಕಿದ್ದೆ. ಖಿನ್ನತೆಯಿಂದ ಜೀವ ತೆಗೆದುಕೊಳ್ಳಲು ಹೋಗಿ ಬದುಕುಳಿದವರು ಆಸ್ಪತ್ರೆಯಿಂದ ಮನೆಗೆ ಹೋದ ಮೇಲಿನ ತಿಂಗಳುಗಳು ಬಹಳ ಸೂಕ್ಷ್ಮ. ಆಗ ವೈದ್ಯನಿಂದ ತಿಂಗಳಿಗೊಂದು ಪತ್ರ ಹೋದರೆ ಅವರಿಗೆ ಆಸರೆಯಾಗುತ್ತದೆಯೇ? ಇದು ನನ್ನ ಪ್ರಶ್ನೆ. ಔಷಧಿ, ಸಮಾಲೋಚನೆ ಎಲ್ಲರಿಗೂ ಒಂದೇ. ಆದರೆ ಚೀಟಿ ಎತ್ತಿ ಜನರನ್ನು ಎರಡು ಪಾಲು ಮಾಡಬೇಕು. ಒಂದು ಗುಂಪಿಗೆ ಪತ್ರ ಉಂಟು, ಇನ್ನೊಂದಕ್ಕೆ ಇಲ್ಲ. ಈ ಎರಡನೆಯದಕ್ಕೆ ಕಂಟ್ರೋಲ್ ಗ್ರೂಪ್ ಎನ್ನುತ್ತಾರೆ. ಎಲ್ಲರಿಗೂ ಇದನ್ನು ವಿವರಿಸಿ, ಒಪ್ಪಿಗೆ ಪಡೆದೇ ಶುರು ಮಾಡಿದ್ದೆವು.

ಪೋಸ್ಟ್ ಕಾರ್ಡಾದರೆ ಊರೆಲ್ಲ ಓದುತ್ತದೆ ಎಂದು ಇನ್‌ಲ್ಯಾಂಡ್ ಪತ್ರ ಆರಿಸಿಕೊಂಡೆ. ಒಂದೊಂದರಲ್ಲೂ ನನ್ನ ಕೈಬರಹದಲ್ಲೇ ಕ್ಷೇಮ ಸಮಾಚಾರ, ಒಂದು ನಗೆಹನಿ. ಪತ್ರ ಓದಿ ನಕ್ಕೆವೆಂದು ಹೇಳಲು ಮುಂಡಗೋಡದ ಸಂತೆಗೆ ಬಂದವರು ಕ್ಲಿನಿಕ್ಕಿಗೂ ಬಂದು ಹೋಗುತ್ತಿದ್ದರು. ನನ್ನ ಹಾಸ್ಯಪ್ರಜ್ಞೆಯೇ ಅರ್ಧ ಔಷಧಿ ಎಂದು ಬೀಗುತ್ತಿದ್ದೆ.

ಈರಪ್ಪ ಸಿಕ್ಕಿದ್ದು ದಾಂಡೇಲಿಯಲ್ಲಿ. ಹೆಸರು ಬದಲಿಸಿದ್ದೇನೆ. ಹೆಸರೇ ಮುಖ್ಯವಾದ ಕಥೆಯಲ್ಲಿ ಹೆಸರು ಮುಚ್ಚಿಡಬೇಕಾಗಿರುವುದು ನನ್ನ ವೃತ್ತಿ ನನ್ನೊಂದಿಗೆ ಆಡುತ್ತಿರುವ ಚೇಷ್ಟೆ. ಧಾರವಾಡ ಕಡೆಯಿಂದ ಹರೆಯದಲ್ಲೇ ಬಂದು, ಮೂರು ದಶಕ ಕಾಗದ ಗಿರಣಿಯಲ್ಲಿ ಪಾಳಿ ಮಾಡಿ ನಿವೃತ್ತನಾದ ಮನುಷ್ಯ. ಮಕ್ಕಳಿಲ್ಲ. ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಬಾಡಿಗೆ ಚಾಳಿನ ಒಂದು ಖೋಲಿಯಲ್ಲಿ ಒಬ್ಬನೇ ಇದ್ದ. ಸಾಯಲು ಹೋದವನನ್ನು ಅಕ್ಕಪಕ್ಕದವರು ಉಳಿಸಿ ತಂದಿದ್ದರು. ಚೀಟಿ ಎತ್ತಿದಾಗ ಅವನಿಗೆ ಪತ್ರವಿಲ್ಲದ ಗುಂಪು ಬಂತು. “ಆತೇಳ್ರಿ, ನಂಗ್ಯಾರ್ ಬರೀತಾರ,” ಎಂದು ಹೆಬ್ಬೆಟ್ಟಿನ ಬದಲು ದುಂಡಗೆ ಸಹಿ ಮಾಡಿ ಹೋದ.

ನಾಲ್ಕನೇ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಈರಪ್ಪ ಕ್ಲಿನಿಕ್ಕಿಗೆ ಬಂದ. ಎಂದೂ ಇಲ್ಲದ ಕಳೆ ಮುಖದಲ್ಲಿ. ತಲೆಯ ಬಿಳಿ ಟೋಪಿ ಸರಿಪಡಿಸಿಕೊಂಡು, ಜೇಬಿನಿಂದ ನೀಲಿ ಇನ್‌ಲ್ಯಾಂಡ್ ತೆಗೆದು ಮೇಜಿನ ಮೇಲಿಟ್ಟ.

“ಸಾಹೇಬ್ರ, ನಿಮ್ಮ ಪತ್ರ ಬಂತ್ರಿ.”

ನಾನು ಬರೆದಿರಲಿಲ್ಲ. ತೆರೆದು ನೋಡಿದೆ. ಒಳಗೆ ಎರಡೇ ಸಾಲು: ‘ಈರಪ್ಪಾ, ಹೆಂಗದೀಯಪಾ? ಉಂಡಿ ಏನು?’ ಕೆಳಗೆ ಔಷಧಿ ಚೀಟಿಯಿಂದ ನಕಲು ಮಾಡಿದ ನನ್ನ ಸಹಿ. ನನ್ನ ತಲೆಗೆ ಹೊಳೆದದ್ದು ಒಂದೇ: ಗಿರಿಜಕ್ಕ ಸೇಡು ತೀರಿಸಿಕೊಂಡಿದ್ದಾಳೆ! ಹೊಟ್ಟೆ ಹಿಡಿದುಕೊಂಡು ನಕ್ಕೆ.

“ಏನ್ ಗಿರಿಜಕ್ಕ, ಭಾರಿ ಮಾಡ್ದಿ ಬಿಡು! ನನ್ನ ಸಹಿ ನನಗಿಂತ ಛಂದ ಹಾಕೀದಿ!”

“ನಾ ಯಾಕ ಹಾಕ್ಲಿ ನಿಮ್ಮ ಸಹಿ?” ಎಂದಳು ಅವಳು. “ಖರೇನ ನನಗ ಗೊತ್ತಿಲ್ರಿ.”

“ನೀ ಅಲ್ಲಂದ್ರ ಮತ್ತ ಯಾರು? ಇದು ಕಳ್ಳ ಪತ್ರ ಐತಿ ನೋಡು!”

ಇನ್ನೂ ನಗುತ್ತಲೇ ಇದ್ದೆ. ಈರಪ್ಪ ಕೈ ಚಾಚಿ ಪತ್ರವನ್ನು ತೆಗೆದುಕೊಂಡ, ಮೊದಲಿದ್ದ ಮಡಿಕೆಯಲ್ಲೇ ಮಡಚಿದ. “ತಪ್ಪಾತ್ರಿ,” ಎಂದಷ್ಟೇ ಹೇಳಿ ಎದ್ದು ಹೋದ. ಅವನಿಗೆಂದು ತೆಗೆದಿಟ್ಟ ಒಂದು ತಿಂಗಳ ಮಾತ್ರೆ ಮೇಜಿನ ಮೇಲೇ ಉಳಿಯಿತು.

ಮೊದಲು ಅರ್ಥವಾಗಿದ್ದು ಗಿರಿಜಕ್ಕನಿಗೆ. “ಸಾಹೇಬ್ರ, ಅಂವಾ ತನಗ ತಾನ ಬರಕೊಂಡಾನ್ರಿ,” ಎಂದಳು.

ಮೂವತ್ತು ವರ್ಷದ ಅನುಭವ, ಗೋಡೆಯ ಮೇಲೆ ತೂಗುಹಾಕಿದ್ದ ಪದವಿ, ಯಾವುದೂ ಆ ಕ್ಷಣ ನನ್ನ ನೆರವಿಗೆ ಬರಲಿಲ್ಲ. ಒಮ್ಮೆ ಸಾವಿನ ಬಾಗಿಲು ತಟ್ಟಿ ಬಂದ ಮನುಷ್ಯನನ್ನು ನಾಲ್ಕು ಜನರ ಮುಂದೆ ಕಳ್ಳನನ್ನಾಗಿ ಮಾಡಿ ನಕ್ಕಿದ್ದೆ. ಸರದಿಯಲ್ಲಿದ್ದವರಿಗೆ ಕೈ ಮುಗಿದು ಜೀಪು ಹತ್ತಿದೆವು. ಚಾಳಿಗೆ ಹೋದರೆ ಖೋಲಿಗೆ ಬೀಗ. ಗಿರಣಿ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಲ್ಲ. ನಾನಂತೂ ನೋಡಿದ ಪ್ರತಿ ಬಿಳಿ ಟೋಪಿಯ ಕೆಳಗೆ ಈರಪ್ಪನ ಮುಖ ಹುಡುಕುತ್ತಿದ್ದೆ. ಕೊನೆಗೆ ಗಿರಿಜಕ್ಕ, “ಪೋಸ್ಟ್ ಆಫೀಸಿಗೆ ಹೋಗೂಣು ನಡೀರಿ,” ಎಂದಳು.

ಅಲ್ಲಿದ್ದ. ಬೆಂಚಿನ ಮೇಲೆ, ತೊಡೆಯ ಮೇಲೊಂದು ಖಾಲಿ ಇನ್‌ಲ್ಯಾಂಡ್ ಹರಡಿಕೊಂಡು, ಪೆನ್ನು ಹಿಡಿದು ಸುಮ್ಮನೆ ಕೂತಿದ್ದ. ನಾನು ಪಕ್ಕದಲ್ಲಿ ಕೂತೆ. ಇಂಥ ಹೊತ್ತಿನಲ್ಲಿ ಸುತ್ತು ಬಳಸಿ ಮಾತಾಡಬಾರದು, ನೇರವಾಗಿ ಕೇಳಬೇಕು.

“ಈರಪ್ಪಣ್ಣ, ತಪ್ಪು ನಂದು. ಸಾಯೂ ವಿಚಾರ ಮತ್ತ ಬರಾಕತ್ತೈತೇನು?”

“ಬರತೈತ್ರಿ. ಆದ್ರ ನಾಳೆ ಪತ್ರ ಬರೂದೈತಿ, ಅಲ್ಲೀತನಾ ಇರೂಣು ಅನಸ್ತೈತಿ. ಸೋಮವಾರ ಹಾಕಿದ್ರ ಬುಧವಾರ ಬರತೈತಿ. ಅದಕ್ಕ ವಾರಾ ವಾರಾ ನನಗ ನಾನ ಹಾಕತೇನಿ. ಬಾಜೂ ಮನಿಯಂವಗ ನೀವು ಬರೀತೀರಿ. ಪೋಸ್ಟ್‌ಮನ್ ಅಂವನ ಬಾಗಲದಾಗ ನಿಂತು ಹೆಸರ ಕೂಗತಾನ. ನನ್ನ ಬಾಗಲಾ ದಾಟಿ ಹೋಗತಾನ.”

ಚೀಟಿ ಎತ್ತಿ ಹೆಸರುಗಳನ್ನು ಬೇರೆ ಮಾಡಿದ್ದೆವು. ಇಬ್ಬರ ಚಾಳು ಒಂದೇ, ನಡುವೆ ಇರುವುದು ಒಂದೇ ಗೋಡೆ ಎಂಬುದು ಮಾತ್ರ ನನಗಾಗಲೀ ಈ ಅಧ್ಯಯನಕ್ಕೆ ಮಾರ್ಗದರ್ಶಕರಾಗಿದ್ದ ಪ್ರಾಧ್ಯಾಪಕರಿಗಾಗಲೀ ಹೊಳೆದಿರಲಿಲ್ಲ.

ನಾನು ಅವನ ಕೈಯಿಂದಲೇ ಪೆನ್ನು ತೆಗೆದುಕೊಂಡು, ಆ ಇನ್‌ಲ್ಯಾಂಡಿನ ಮೇಲೆ ನಾಲ್ಕು ಸಾಲು ಬರೆದು, ನಿಜವಾದ ಸಹಿ ಹಾಕಿ ಕೊಡಲು ಹೋದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡ.

“ಕೈಯಾಗ ಕೊಟ್ರ ಏನ್ ಬಂತ್ರಿ? ಡಬ್ಬಿಗೆ ಹಾಕ್ರಿ. ಗಿರಣ್ಯಾಗ ಇದ್ದಾಗ ದಿನಾ ಪಾಳಿಗೆ ಹೆಸರ ಕೂಗತಿದ್ರು, ‘ಈರಪ್ಪ’ ಅಂತ. ನಾ ‘ಹಾಜರ್’ ಅಂತಿದ್ದೆ. ಹೇಂತಿ ಹೆಸರ ಹಿಡದು ಕರೀಲಿಲ್ಲ, ‘ಕೇಳಿಸ್ತೇನು?’ ಅಂತಿದ್ಲು. ಈಗ ಅದೂ ಇಲ್ಲ. ಒಮ್ಮೊಮ್ಮೆ ನನ್ನ ಹೆಸರ ನಾನ ಅಂದು ನೋಡತೇನಿ.”

ನನ್ನನ್ನು ದಿನಕ್ಕೆ ನೂರು ಜನ ‘ಸಾಹೇಬ್ರ’ ಎನ್ನುತ್ತಿದ್ದರು. ಜಗಳ ಬಂದಾಗ ಮಾತ್ರ ಹೆಸರು ಹಿಡಿದು ಕರೆಯುತ್ತಿದ್ದ ನನ್ನ ಹೆಂಡತಿ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಎದ್ದು ಪತ್ರವನ್ನು ಡಬ್ಬಿಗೆ ಹಾಕಿದೆ. ಒಳಗೆ ಬಿದ್ದ ಸದ್ದು ಕೇಳಿದ ಮೇಲೆಯೇ ಅವನು ಬೆಂಚು ಬಿಟ್ಟು ಎದ್ದ.

ಅಂದೇ ಔಷಧಿಯ ಪ್ರಮಾಣ ಬದಲಿಸಿದೆ. ಸ್ವಲ್ಪ ದಿನ ಗಿರಿಜಕ್ಕ ನಿತ್ಯ ಫೋನ್ ಮಾಡಿ ಮಾತಾಡಿಸುವುದು, ಮಾತ್ರೆಗಳನ್ನು ಎದುರು ಖೋಲಿಯವರು ಇಟ್ಟುಕೊಂಡು ದಿನಕ್ಕಿಷ್ಟು ಕೊಡುವುದು ಎಂದು, ಈರಪ್ಪನನ್ನು ಕೇಳಿಯೇ ಏರ್ಪಾಟಾಯಿತು. ಅಧ್ಯಯನದ ಕಡತದಲ್ಲಿ ಅವನ ಸಾಲಿನ ಮುಂದೆ ಬರೆದೆ: ‘ಹೊರಗೆ. ಕಾರಣ: ನಿಯಮ ಮುರಿದವನು ಸಂಶೋಧಕ.’ ಮಾರ್ಗದರ್ಶಕರು ಬೈದರು. ಒಂದು ಹೆಸರು ಕಡಿಮೆಯಾಯಿತು ಎಂದರು. ನಾನು ಪ್ರತಿ ತಿಂಗಳೂ ಈರಪ್ಪನಿಗೆ ಬರೆದೆ. ನನ್ನ ಅತ್ಯುತ್ತಮ ನಗೆಹನಿಗಳನ್ನೆಲ್ಲ, ಬೇರೆಯವರಿಗೆ ಕೊಡದವನ್ನೂ, ಅವನಿಗೆ ಸುರಿದೆ.

ಈರಪ್ಪ ಬದುಕಿದ. ನಿವೃತ್ತಿಗೆ ಮುಂಚೆ ಅವನ ಖೋಲಿಗೆ ಚಹಾಕ್ಕೆ ಹೋಗಿದ್ದೆ. ಟ್ರಂಕು ತೆರೆದು ನನ್ನ ಪತ್ರಗಳ ಕಟ್ಟನ್ನು ತೋರಿಸಿದ. ಒಂದನ್ನೂ ಒಡೆದಿರಲಿಲ್ಲ. ಅಂಟು ಹಾಗೇ ಇತ್ತು.

“ಓದಿಲ್ಲೇನಪಾ?” ಅವಮಾನವಾಗಿ ಕೇಳಿದೆ.

“ಓದೂದೇನೈತ್ರಿ? ಪೋಸ್ಟ್‌ಮನ್ ಹೆಸರ ಕೂಗಿದ್ನಲ್ಲ, ಮುಗೀತು,” ಎಂದ. ನಂತರ ನನ್ನ ಮುಖ ನೋಡಿ ಮೆಲ್ಲಗೆ ನಕ್ಕ. “ನಿಮ್ಮ ಜೋಕು ಬಾಜೂ ಮನ್ಯಾಂವ ತನ್ನ ಪತ್ರ ಓದಿ ಹೇಳ್ಯಾನ್ರಿ. ಅಷ್ಟೇನ ಛಲೋ ಇಲ್ಲ.”

ಖಿನ್ನತೆಯ ಬಗ್ಗೆ ಮೂವತ್ತು ವರ್ಷ ಉಪನ್ಯಾಸ ಕೊಟ್ಟಿದ್ದೇನೆ. ಏನು ಹೇಳಬೇಕು, ಹೇಗೆ ಹೇಳಬೇಕು ಎಂದೇ ತಲೆ ಕೆಡಿಸಿಕೊಂಡಿದ್ದೆ. ಆ ಮನುಷ್ಯನಿಗೆ ಬೇಕಾದದ್ದು ನನ್ನ ಮಾತಲ್ಲ, ತನ್ನ ಬಾಗಿಲಿಗೆ ಯಾರೋ ಬಂದು ನಿಲ್ಲುವುದು. ಔಷಧಿ ಬರೆದು ಮುಗಿದ ಮೇಲೂ ವೈದ್ಯನಿಗೆ ಆ ಕೆಲಸ ಉಳಿದಿರುತ್ತದೆ.

ಈಗ ನಾನು ಹಳಿಯಾಳದಲ್ಲಿದ್ದೇನೆ, ಒಬ್ಬನೇ. ತಿಂಗಳಿಗೊಮ್ಮೆ ದಾಂಡೇಲಿಯಿಂದ ನೀಲಿ ಇನ್‌ಲ್ಯಾಂಡ್ ಬರುತ್ತದೆ. ಮೊದಲನೆಯದನ್ನು ಒಡೆದು ನೋಡಿದ್ದೆ. ಒಳಗೆ ಏನೂ ಬರೆದಿರಲಿಲ್ಲ. ವಿಳಾಸದಲ್ಲಿ ‘ಡಾಕ್ಟರ್’ ಇಲ್ಲ, ‘ಸಾಹೇಬ್ರು’ ಇಲ್ಲ, ಬರೀ ನನ್ನ ಹೆಸರು. ಪೋಸ್ಟ್‌ಮನ್ ಗೇಟಿನಲ್ಲಿ ನಿಂತು ಅದನ್ನು ದೊಡ್ಡದಾಗಿ ಕೂಗುತ್ತಾನೆ. ನಾನು ಅಷ್ಟರಲ್ಲಾಗಲೇ ಬಾಗಿಲ ಹಿಂದೆ ಬಂದು ನಿಂತಿರುತ್ತೇನೆ. ಆದರೂ ಒಂದೇ ಕೂಗಿಗೆ ಓಗೊಡುವುದಿಲ್ಲ. ಇನ್ನೊಮ್ಮೆ ಕೂಗಲಿ ಎಂದು ಉಸಿರು ಬಿಗಿಹಿಡಿದು ಕಾಯುತ್ತೇನೆ.