ಅಮ್ಮ ‘ಏಳು’ ಅಂದಾಗ

ಆನ್‌ಲೈನ್ ಪೋಕರ್ ಆಡಿಯೇ ಬದುಕಬೇಕೆಂದು ಹನ್ನೊಂದು ತಿಂಗಳು ಹಟ ಹಿಡಿದು ಕೂತಿದ್ದವಳು ನಾನು. ಹೀಗೆಂದ ಕೂಡಲೇ ಎದುರಿಗಿದ್ದವರು, "ಓ, ಕಾನೂನು ಬಂದು ಆ ಆ್ಯಪ್‌ಗಳೆಲ್ಲ ಮುಚ್ಚಿಹೋದ್ವಲ್ಲ, ಅದಕ್ಕೆ ಬಿಟ್ರಾ?" ಎಂದು ಕೇಳುತ್ತಾರೆ. ಇಲ್ಲ ಕಣ್ರೀ. ಕಾನೂನು ಬಂದದ್ದು ಆಮೇಲೆ. ನಾನು ಬಿಟ್ಟದ್ದು ನಮ್ಮಮ್ಮನಿಂದ. ಅದೂ ಅವಳು ಬೈದಳು ಅಂತಲ್ಲ, ಬೈಯದೆ ಸುಮ್ಮನಿದ್ದಳು ಅಂತ.

ನಮ್ಮದು ಕುಂದಲಹಳ್ಳಿಯ ಹಳೇ ಮನೆ. ಮೇಲೆ ಎರಡು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದೇವೆ, ಕೆಳಗೆ ಅಮ್ಮ ಮತ್ತು ನಾನು. ಅಪ್ಪ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಮೂರೂ ಶಿಫ್ಟಿನಲ್ಲಿ ದುಡಿದು, ನಿವೃತ್ತಿಯಾದ ಎರಡನೇ ವರ್ಷಕ್ಕೇ ಹೋಗಿಬಿಟ್ಟರು. ನನಗೆ ಮದುವೆ ಆಗಿತ್ತು, ಮುಗಿದೂ ಆಗಿತ್ತು. ಅದು ಇಲ್ಲಿ ಬೇಡ. ಬೆಳ್ಳಂದೂರಿನ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಒಂದು ಸೋಮವಾರ ನಮ್ಮ ಟೀಮನ್ನೇ ಮುಚ್ಚಿದರು. ಹತ್ತು ವರ್ಷ ಬೇರೆಯವರ ತಪ್ಪು ಹುಡುಕಿ ಕೊಟ್ಟವಳಿಗೆ ಹತ್ತು ನಿಮಿಷದ ಕಾಲ್‌ನಲ್ಲಿ ನಮಸ್ಕಾರ ಹೇಳಿಬಿಟ್ಟರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಇನ್ನು ಯಾವನ ಮುಂದೆಯೂ ಕೈಕಟ್ಟಿ ನಿಲ್ಲುವುದಿಲ್ಲ ಎಂದು ಅಮ್ಮನೆದುರು ಶಪಥ ಮಾಡಿದೆ.

"ಉಣ್ಣಕ್ ಬಾ, ಸಾರು ಆರೋಯ್ತದೆ," ಎಂದಳು ಅಮ್ಮ.

ಪೋಕರ್ ಹಿಡಿಸಿದ್ದು ಹಳೇ ಟೀಮಿನ ಗೆಳೆಯ. ಆಟ ಸರಳ. ಒಬ್ಬೊಬ್ಬರ ಕೈಗೆ ಎರಡೆರಡು ಇಸ್ಪೀಟು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ನನ್ನ ಎಲೆ ಚೆನ್ನಾಗಿದೆ ಅನ್ನಿಸಿದರೆ ದುಡ್ಡು ಕಟ್ಟಬೇಕು, ಇಲ್ಲವಾದರೆ ಎಲೆ ಎಸೆಯಬೇಕು. ಹೊರಗಿನವರು ಕಟ್ಟುವುದೇ ಆಟ ಅಂದುಕೊಂಡಿದ್ದಾರೆ. ಅಲ್ಲ, ಎಸೆಯುವುದೇ ಕೆಲಸ. ಬೆಳಗಿನಿಂದ ಸೊಪ್ಪು ಸೋಸಿದ ಹಾಗೆ ಎಸೆಯುತ್ತಾ ಕೂರಬೇಕು. ಟೆಸ್ಟಿಂಗ್ ಮಾಡಿದವಳಿಗೆ ಬೇಸರವೇನು ಹೊಸದೇ? ಹತ್ತರಿಂದ ಒಂದರವರೆಗೆ ಆಡುತ್ತಿದ್ದೆ. ಆ ಹೊತ್ತಿಗೆ ಆಫೀಸಿನ ಮೀಟಿಂಗಿಗೆ ಮ್ಯೂಟ್ ಹಾಕಿಕೊಂಡು ಆಡುವವರು ಸಿಗುತ್ತಿದ್ದರು. ಅವರ ಗಮನ ಅರ್ಧ ಎಲೆಯ ಮೇಲೆ, ಅರ್ಧ ಮ್ಯಾನೇಜರ್ ಮೇಲೆ. ನಾನೂ ಮೀಟಿಂಗಿನಲ್ಲಿ ಕಡಲೆಕಾಯಿ ಸುಲಿದು ತಿಂದವಳೇ, ಅವರ ನಾಡಿ ನನಗೆ ಗೊತ್ತಿತ್ತು. ಪರದೆಯ ಮೇಲೆ ಗಂಡಸಿನ ಹೆಸರಿಟ್ಟುಕೊಂಡಿದ್ದೆ. ಸೋತವರು ‘ಏನ್ ಬ್ರೋ ಲಕ್ಕು ನಿಂದು’ ಎಂದು ಬರೆಯುತ್ತಿದ್ದರು. ಲಕ್ಕಂತೆ ಲಕ್ಕು, ಮಣ್ಣಂಗಟ್ಟಿ!

ಅಮ್ಮನಿಗೆ ವಿಷಯ ಹೇಳಿದ ದಿನ ಅವಳು ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು.

"ಇಸ್ಪೀಟಾ? ಅಳ್ಳಿಕಟ್ಟೆ ಮೇಲೆ ಕುಂತ್ ಆಡಿದ್ರೆ ಪೊಲೀಸ್ನೋರು ಬಂದು ಎತ್ತಾಕ್ಕೊಂಡ್ ಓಯ್ತಾರೆ. ನೀನು ಮನೇಲಿ ಕುಂತ್ ಆಡಿದ್ರೆ ಆಫೀಸಾ?"

"ಬರೋ ಯುಗಾದಿವರೆಗೂ ಟೈಮ್ ಕೊಡಮ್ಮ," ಎಂದೆ. ಶುರುವಿನವರಿಗೆ ಇರುವುದು ಎರಡು ರೂಪಾಯಿ ಮೇಜು, ಅಂದರೆ ಪಣ ಎರಡು ರೂಪಾಯಿಯಿಂದ ಹೊರಟು ನೂರಾರಕ್ಕೆ ಏರುತ್ತದೆ. ಅದರ ಮೇಲೆ ಐದು, ಅದರ ಮೇಲೆ ಹತ್ತು. ಮೇಲೇರಿದಷ್ಟೂ ಪಣ ದೊಡ್ಡದು, ಆಡುವವರೂ ಗಟ್ಟಿಗರು. ಯುಗಾದಿಯೊಳಗೆ ಹತ್ತು ರೂಪಾಯಿ ಮೇಜಿನಲ್ಲಿ ಕಾಲೂರಿ ನಿಂತರೆ ಇದೇ ನನ್ನ ವೃತ್ತಿ, ಇಲ್ಲದಿದ್ದರೆ ಮತ್ತೆ ಕೊರಳಿಗೆ ಐಡಿ ಕಾರ್ಡು. ಅಮ್ಮನಿಗೆ ಮೇಜುಗಳ ಲೆಕ್ಕ ಹಿಡಿಯಲಿಲ್ಲ. ಯುಗಾದಿ ಮಾತ್ರ ಹಿಡಿಯಿತು.

ಮೊದಲ ಎರಡು ತಿಂಗಳು ಎರಡು ರೂಪಾಯಿ ಮೇಜಿನಲ್ಲೇ ಒದ್ದಾಡಿದೆ. ಆಟ ಬರುತ್ತಿರಲಿಲ್ಲ ಅಂತಲ್ಲ. ನಾಲ್ಕು ದಿನ ಅಚ್ಚುಕಟ್ಟಾಗಿ ಆಡಿ ಗಳಿಸಿದ್ದನ್ನು ಐದನೇ ದಿನ ಸಿಟ್ಟು ಬಂದು ಅರ್ಧ ಗಂಟೆಯಲ್ಲಿ ಕಳೆಯುತ್ತಿದ್ದೆ. ಯಾವನೋ ತಲೆಕೆಟ್ಟು ಆಡಿ ನನ್ನ ಒಳ್ಳೆಯ ಎಲೆಯನ್ನು ಸೋಲಿಸಿದರೆ ಸಾಕು, ಅವನಿಗೆ ಬುದ್ಧಿ ಕಲಿಸಲೇಬೇಕೆಂದು ಕಂಡದ್ದಕ್ಕೆಲ್ಲ ಕಟ್ಟಲು ಶುರು. ಗೆಳೆಯ ಫೋನಿನಲ್ಲಿ, "ಗುರು, ನಿನ್ ಆಟ ಸಕ್ಕತ್ತಾಗಿದೆ. ತಲೆ ಕೆಟ್ರೆ ಮಾತ್ರ ನೀನು ಬೇರೆಯೋಳೇ ಆಗ್ಬಿಡ್ತೀಯ. ಸಿಟ್ಟು ಬರೋಕ್ ಮುಂಚೆ ಏನಾಗುತ್ತೆ ಅಂತ ನೋಡ್ಕೋ," ಎಂದ. ನೋಡಿಕೊಂಡೆ. ಏನೂ ಆಗುತ್ತಿರಲಿಲ್ಲ. ಚೆನ್ನಾಗಿಯೇ ಇರುತ್ತಿದ್ದೆ, ಆಮೇಲೆ ದುಡ್ಡು ಇರುತ್ತಿರಲಿಲ್ಲ.

ಕಂಡದ್ದು ಅಮ್ಮನಿಗೆ. ಅವಳೇನೂ ಹುಡುಕಿರಲಿಲ್ಲ. ಕಸ ಗುಡಿಸುತ್ತಾ ನನ್ನ ಮೇಜಿನ ಹತ್ತಿರ ಬಂದವಳು, "ಕಾಲ್ ಅಲ್ಲಾಡಿಸ್ಬ್ಯಾಡ, ದರಿದ್ರ," ಎಂದಳು. ಹುಟ್ಟಿದಾಗಿನಿಂದ ಕೇಳಿದ ಮಾತು. "ನಿನ್ ಕೆಲ್ಸ ನೋಡ್ಕೊಳಮ್ಮ," ಎಂದು ರೇಗಿದೆ. ಐದೇ ನಿಮಿಷದಲ್ಲಿ ಆ ದಿನದ್ದೆಲ್ಲ ಹೋಯಿತು. ಎರಡು ದಿನ ಬಿಟ್ಟು ಮತ್ತೆ ಅದೇ ಮಾತು, ಮತ್ತೆ ಅದೇ ಗತಿ. ಮೂರನೇ ಸಲ ಅವಳು ಹೇಳಿದಾಗ ಬಗ್ಗಿ ನೋಡಿದೆ. ನನ್ನ ಬಲಗಾಲು ಹೊಲಿಗೆ ಮಿಷನ್ ತುಳಿಯುವವರ ಕಾಲಿನಂತೆ ಕುಣಿಯುತ್ತಿತ್ತು, ನನಗೆ ಗೊತ್ತೇ ಇರಲಿಲ್ಲ. ಸಿಟ್ಟು ತಲೆಗೆ ಬರುವ ಮುಂಚೆ ಕಾಲಿಗೆ ಬರುತ್ತಿತ್ತು.

ಅಂದೇ ಅಮ್ಮನೊಂದಿಗೆ ಒಪ್ಪಂದ ಮಾಡಿಕೊಂಡೆ. "ಅಮ್ಮ, ಕಾಲು ಅಲ್ಲಾಡಿದ ತಕ್ಷಣ ನಂಗೆ ಹೇಳು. ನಾನು ಆಟ ಮುಚ್ಚಿ ಎದ್ಬಿಡ್ತೀನಿ."

"ಮೂವತ್ ವರ್ಸದಿಂದ ಏಳ್ತಾನೇ ಇವ್ನಿ," ಎಂದಳು.

ನಮ್ಮಮ್ಮನ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ. ಅವಳಿಗೆ ಹೇಳುವುದೂ ಏಳುವುದೂ ಒಂದೇ. ಚಿಕ್ಕವಳಿದ್ದಾಗ ನಾನು ಅವಳನ್ನು ಇದಕ್ಕೇ ಗೇಲಿ ಮಾಡುತ್ತಿದ್ದೆ. ಈಗ ಆ ಒಂದು ಮಾತೇ ನನಗೆ ಸಾಕಾಯಿತು. ಅವಳು ಮೇಜಿನೆದುರು ಚಾಪೆ ಹಾಸಿಕೊಂಡು, ನನ್ನ ಕಾಲು ಕಾಣುವ ಹಾಗೆ ಗೋಡೆಗೊರಗಿ ಕೂರುತ್ತಿದ್ದಳು. ಕೈಯಲ್ಲಿ ಸೊಪ್ಪೋ, ಅಕ್ಕಿಯ ಮೊರವೋ ಇರುತ್ತಿತ್ತು. ಕಾಲು ಕುಣಿದರೆ "ಏಳು" ಅನ್ನುತ್ತಿದ್ದಳು. ನಾನು ಎಲ್ಲ ಮುಚ್ಚಿ, ಹಿತ್ತಲ ನಲ್ಲಿಯಲ್ಲಿ ಮುಖ ತೊಳೆದು, ತೆಂಗಿನ ಮರಕ್ಕೆ ಎರಡು ಸುತ್ತು ಹಾಕಿ ಬರುತ್ತಿದ್ದೆ. ಎದುರಾಡಬಾರದು ಎನ್ನುವುದು ನಾನೇ ಹಾಕಿಕೊಂಡ ಕರಾರು. ಎಷ್ಟೋ ಸಲ ಒಳ್ಳೇ ಎಲೆ ಕೈಯಲ್ಲಿದ್ದಾಗಲೇ "ಏಳು" ಅಂದುಬಿಡುತ್ತಿದ್ದಳು. ಹೊಟ್ಟೆ ಉರಿದರೂ ಎದ್ದೆ.

ನಂಬಿ, ಬಿಡಿ, ಅದರಿಂದಲೇ ನಾನು ಮೇಲೆ ಬಂದದ್ದು. ಗೌರಿ ಹಬ್ಬದ ಹೊತ್ತಿಗೆ ಎರಡು ರೂಪಾಯಿ ಮೇಜು ಬಿಟ್ಟು ಐದಕ್ಕೆ ಏರಿದೆ. ದೀಪಾವಳಿಗೆ ಅಮ್ಮನಿಗೆ ನನ್ನ ಗಳಿಕೆಯಲ್ಲೇ ಸೀರೆ ತಂದೆ. ಅವಳು ಸೆರಗನ್ನು ಬೆಳಕಿಗೆ ಹಿಡಿದು ನೋಡಿ, "ಇಸ್ಪೀಟಿನ್ ಸೀರೆ," ಎಂದು ನಕ್ಕಳು. ಆದರೆ ಉಟ್ಟಳು. ಆವತ್ತು ನನಗಾದ ಖುಷಿ ಹೇಳತೀರದು. ಕಂಪನಿಯವರು ಕೊಟ್ಟ ಯಾವ ಬಡ್ತಿಯೂ ಅಷ್ಟು ಖುಷಿ ಕೊಟ್ಟಿರಲಿಲ್ಲ.

ಒಂದು ವಿಷಯ ಮಾತ್ರ ನನ್ನ ಕಣ್ಣಿಗೆ ಬಿದ್ದೂ ಬೀಳಲಿಲ್ಲ. ನಾನು ಕಾಲೇಜಿಗೆ ಹೋಗುತ್ತಿದ್ದಾಗಿನಿಂದಲೂ ಅಮ್ಮ ಬೆಳಗ್ಗೆ ಹತ್ತಕ್ಕೆ ಮಾರಮ್ಮನ ಗುಡಿಗೆ ಹೋಗುತ್ತಿದ್ದಳು. ಅಲ್ಲಿ ಜಗಲಿಯ ಮೇಲೆ ಅವಳ ಓರಗೆಯ ಮೂವರು ಹೆಂಗಸರು ಕೂತು ದೇವಿಗೆ ಹೂ ಕಟ್ಟುತ್ತಾರೆ. ಕಾಕಡ, ಕನಕಾಂಬರ, ಜೊತೆಗೆ ಊರಿನ ಮಾತೆಲ್ಲ. ಗುಡಿಯ ಹಿಂದೆ ಹತ್ತು ಮಹಡಿ ಎದ್ದರೂ, ಪಕ್ಕದಲ್ಲಿ ಪಿಜಿ ಬಂದರೂ ಆ ಜಗಲಿ ಅವರದೇ. ಒಪ್ಪಂದವಾದ ಮೇಲೆ ಅವಳು ಹೋಗುವುದು ನಿಂತಿತು, ನನ್ನ ಆಟದ ಹೊತ್ತೂ ಅದೇ ಆಗಿತ್ತಲ್ಲ. ಆ ಹೆಂಗಸರು ವಾರಕ್ಕೊಮ್ಮೆ ಗೇಟಿನ ಹತ್ತಿರ ನಿಂತು ಕರೆಯುತ್ತಿದ್ದರು. ಅಮ್ಮ ಚಾಪೆಯಿಂದಲೇ, "ಬರಾಕಾಗಾಕಿಲ್ಲ ಕಣ್ರವ್ವ, ಡ್ಯೂಟಿ ಐತೆ!" ಎಂದು ಕೂಗುತ್ತಿದ್ದಳು. ಡ್ಯೂಟಿ ಅಪ್ಪನ ಮಾತು. ಅವರು ಗೊಳ್ಳೆಂದು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅಮ್ಮ ನಕ್ಕಳೋ ಇಲ್ಲವೋ, ನಾನು ಪರದೆಯಿಂದ ಕಣ್ಣು ತೆಗೆದು ನೋಡಿದವಳಲ್ಲ.

ಹತ್ತು ರೂಪಾಯಿ ಮೇಜಿಗೆ ಏರಿದ್ದು ಯುಗಾದಿಗೆ ಒಂದು ತಿಂಗಳಿರುವಾಗ. ಆ ಬೆಳಗ್ಗೆ ತಲೆಗೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು ಕೂತೆ. ಅಮ್ಮ ಎದುರಿಗೆ ಅವರೆಕಾಯಿ ರಾಶಿ ಹಾಕಿಕೊಂಡು ಬಿಡಿಸುತ್ತಿದ್ದಳು. ಮೊದಲ ಇಪ್ಪತ್ತು ನಿಮಿಷ ಬರೀ ಎಸೆದೆ. ಆಮೇಲೆ ಬಂದವು ನೋಡಿ, ಎರಡು ಎಕ್ಕ. ಆಟ ಶುರುವಾಗುವಾಗ ಇದಕ್ಕಿಂತ ಒಳ್ಳೆಯ ಎಲೆ ಯಾರ ಕೈಗೂ ಬರಲಾರದು. ನಡುವೆ ಒಂದು ಗುಲಾಮ ಬಿದ್ದಾಗ ಎದುರಿನವನು ತನ್ನದೆಲ್ಲವನ್ನೂ ಕಟ್ಟಿದ. ನಾನೂ ಕಟ್ಟಿದೆ. ಇಬ್ಬರ ಎಲೆಯೂ ತೆರೆಯಿತು. ಅವನ ಕೈಯಲ್ಲಿ ಗುಲಾಮ ಮತ್ತು ಏಳು. ನಾನೇ ಮುಂದೆ. ಕೊನೆಯ ಎಲೆ ಬಿತ್ತು. ಏಳು. ಅವನಿಗೆ ಎರಡು ಜೋಡಿಯಾಯಿತು, ನನ್ನ ಎಕ್ಕದ ಒಂದೇ ಜೋಡಿ ಸೋತಿತು. ‘ಸಾರಿ ಬ್ರೋ’ ಎಂದು ಬರೆದು ಹಲ್ಲು ಕಿರಿಯುವ ಮುಖ ಬೇರೆ ಹಾಕಿದ.

ಮೈಯೆಲ್ಲ ಉರಿದುಹೋಯಿತು. ಎದ್ದು ಮುಖ ತೊಳೆದು ಬರಬೇಕಿತ್ತು. ಪರದೆಯ ಮೇಲೆಯೇ ಏಳು ಎಂದು ಬಿದ್ದಿತ್ತು! ನಾನು ಏಳಲಿಲ್ಲ. ಅಮ್ಮ ಸುಮ್ಮನಿದ್ದಾಳೆ, ಅಂದರೆ ಕಾಲು ನಿಂತಿದೆ, ಅಂದರೆ ನನಗೆ ಸಿಟ್ಟು ಬಂದಿಲ್ಲ ಎಂದುಕೊಂಡೆ. ಮತ್ತೆ ಕಟ್ಟಿದೆ, ಹೋಯಿತು. ಮತ್ತೆ ಕೂತೆ, ಮತ್ತೆ ಹೋಯಿತು. ಎಸೆಯಬೇಕಾದ ಎಲೆಗೆಲ್ಲ ಕಟ್ಟಿದೆ. ಹನ್ನೊಂದು ತಿಂಗಳು ಕೂಡಿಸಿದ್ದು ಮಧ್ಯಾಹ್ನದೊಳಗೆ ಬರಿದಾಯಿತು. ಆಗ ಕಂಡದ್ದು ಮೇಜಿನ ಮೇಲಿದ್ದ ಮಜ್ಜಿಗೆ ಲೋಟ. ಮಜ್ಜಿಗೆ ತುಳುಕಿ ತುಳುಕಿ ಅರ್ಧ ಹೊರಗೆ ಚೆಲ್ಲಿತ್ತು. ಕೆಳಗೆ ನೋಡಿದೆ. ಕಾಲು ಕುಣಿಯುತ್ತಿತ್ತು. ಅಮ್ಮನನ್ನು ನೋಡಿದೆ. ಅವಳು ನನ್ನ ಕಾಲನ್ನೇ ನೋಡುತ್ತಿದ್ದಳು.

"ಅಮ್ಮ, ನೋಡ್ಲಿಲ್ವಾ?"

"ನೋಡ್ದೆ."

"ಯಾವಾಗಿಂದ?"

"ಊವಿನೋಳು ಕೂಗ್ಕೊಂಡ್ ಓದ್ಲಲ್ಲ, ಅವಾಗಿಂದ್ಲೂ ಕುಣೀತಾನೇ ಐತೆ."

ಬೀದಿಯಲ್ಲಿ ಹೂವಿನವಳು ಬರುವುದು ಹತ್ತೂವರೆಗೆ. ಈಗ ಹನ್ನೆರಡು ದಾಟಿತ್ತು.

"ಮತ್ತೆ ಯಾಕಮ್ಮ ಹೇಳ್ಲಿಲ್ಲ?" ಕಿರುಚಿಯೇಬಿಟ್ಟೆ.

ಅಮ್ಮ ಕೈಲಿದ್ದ ಕಾಯಿಯನ್ನು ಪೂರ್ತಿ ಬಿಡಿಸಿ, ಕಾಳನ್ನು ತಟ್ಟೆಗೆ ಹಾಕಿದಳು. "ನಾನು ಏಳ್ದೇ ಇದ್ರೆ ನೀನಾಗೇ ಏಳ್ತೀಯಾ ಅಂತ ನೋಡ್ದೆ ಕಣಮ್ಮಿ. ಏಳ್ಲಿಲ್ಲ."

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಅವಳೇ ಮುಂದುವರಿಸಿದಳು. "ನೀನು ಎಷ್ಟ್ ದೊಡ್ ಮೇಜಿಗೆ ಏರಿದ್ರೂ ನಾನು ಈ ಚಾಪೆ ಮ್ಯಾಲೇ ಕುಂತಿರ್ಬೇಕಲ್ಲವ್ವ. ನಿಂಗೇನೋ ಕೆಲ್ಸ ಆಯ್ತದೆ. ನಂಗೆ? ಗುಡಿ ಜಗಲಿ ಮುಖ ನೋಡಿ ಎಷ್ಟ್ ತಿಂಗ್ಳಾಯ್ತು, ನಿಂಗೇನಾರಾ ಗ್ಯಾನ ಐತಾ?"

ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ನಾಚಿಕೆಯಾಯಿತು. ಯಾವನ ಮುಂದೆಯೂ ಕೈಕಟ್ಟಿ ನಿಲ್ಲುವುದಿಲ್ಲ ಎಂದವಳು ಅರವತ್ತೆಂಟರ ನನ್ನ ತಾಯಿಯನ್ನು ನನ್ನ ಕಾಲು ಕಾಯಲು ಕೂರಿಸಿದ್ದೆ, ಅದೂ ರಜೆಯೇ ಇಲ್ಲದೆ. ಚಾಪೆಯ ಮೇಲೆ ಅವಳ ಪಕ್ಕ ಕೂತು ಅತ್ತೆ. ಅವಳು ಒಂದು ಹಿಡಿ ಅವರೆಕಾಯಿ ನನ್ನ ಮಡಿಲಿಗೆ ಹಾಕಿದಳು. ಇಬ್ಬರೂ ಕೂತು ಬಿಡಿಸಿದೆವು.

ಊಟವಾದ ಮೇಲೆ ಅವಳೇ, "ಇವತ್ತು ಮಾಡ್ದಂಗೆ ಇನ್ ಮಾಡಾಕಿಲ್ಲ. ನಿಂಗೆ ಬೇಕು ಅಂದ್ರೆ ನಾಳೆಯಿಂದ ಮತ್ತೆ ಕುಂತ್ಕತೀನಿ, ಏಳ್ತೀನಿ," ಎಂದಳು. ನಿಜವಾಗಿ ಹೇಳಿದ ಮಾತು ಅದು. ಬೇಕು ಅಂದಿದ್ದರೆ ಕೂರುತ್ತಿದ್ದಳು. ಎರಡು ರೂಪಾಯಿ ಮೇಜಿನಲ್ಲಿ ಮತ್ತೆ ಶುರು ಮಾಡುವಷ್ಟು, ಕಂಪನಿಯಲ್ಲಿದ್ದಾಗಿನ ಉಳಿತಾಯ ನನ್ನಲ್ಲಿತ್ತು. ಅವಳಿದ್ದರೆ ಇನ್ನೊಂದು ವರ್ಷದಲ್ಲಿ ಅಲ್ಲಿಗೇ ತಲುಪುತ್ತೇನೆ, ಅವಳಿಲ್ಲದೆ ಜನ್ಮದಲ್ಲಿ ತಲುಪುವುದಿಲ್ಲ. ಅದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ. ನಾಳೆ ಹೇಳ್ತೀನಮ್ಮ ಎಂದೆ.

ಮರುದಿನ ಹತ್ತಕ್ಕೆ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಇಸ್ಪೀಟಿನ ಸೀರೆ ಉಟ್ಟು, ಕೈಯಲ್ಲಿ ಹೂವಿನ ಬುಟ್ಟಿ ಹಿಡಿದಿದ್ದಳು. ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿದ್ದಳು. ಸುತ್ತಿಟ್ಟ ಚಾಪೆ ಗೋಡೆಗೊರಗಿ ನಿಂತಿತ್ತು. ನಾನು ಮೇಜಿನ ಮುಂದೆ ಕೂತಿದ್ದೆ, ಲ್ಯಾಪ್‌ಟಾಪ್ ಇನ್ನೂ ತೆರೆದಿರಲಿಲ್ಲ.

"ಕುಂತ್ಕಳ್ಲಾ?" ಎಂದಳು.

"ಬೇಡಮ್ಮ. ನಿನ್ ಡ್ಯೂಟಿ ಮುಗೀತು. ಹೋಗ್ಬಾ."

ಅವಳು ತಕ್ಷಣ ಹೊರಡಲಿಲ್ಲ. ಸ್ವಲ್ಪ ಬಗ್ಗಿ, ಮೇಜಿನ ಕೆಳಗೆ ನನ್ನ ಕಾಲು ನೋಡಿದಳು. ಕಾಲು ನಿಂತಿತ್ತು. ಆಮೇಲೆ ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿಕೊಂಡಳು.