ಸರ್ಕಾರದ ಗೂಟ ಮತ್ತು ತಿಮ್ಮಜ್ಜನ ಎತ್ತು

ಇದ್ದಿಲು ಉರಿಸಿ ಓಡುವ ಬಸ್ಸು ಮಧುಗಿರಿ ಸೇರುವಷ್ಟರಲ್ಲಿ ನನಗೂ ಇದ್ದಿಲಿಗೂ ವ್ಯತ್ಯಾಸ ಉಳಿದಿರಲಿಲ್ಲ. ಊರಿನ ಬೋಳುಬಂಡೆ ಕಂಡೊಡನೆ, ಮಣ್ಣಿನ ಪರೀಕ್ಷೆಗೆ ನನ್ನನ್ನು ಕರೆತಂದಿದ್ದ ಸಾಹೇಬರು ತಮ್ಮ ಬೋಳುತಲೆ ಸವರಿಕೊಂಡರು. ನಾನೂ ಅವರಂತೆಯೇ ಸವರಿಕೊಂಡೆ. ಕಂಡಕ್ಟರ್ ನಕ್ಕ.

ಶಿರಾದಲ್ಲಿ ತಂಗಿ, ಬೆಳಿಗ್ಗೆ ಗಾಡಿ ಹತ್ತಿ ಹುಲಿಕುಂಟೆಗೆ ಹೋದೆವು. ತಿಮ್ಮಜ್ಜನ ಹೊಲದಲ್ಲಿ ಹಿಂದಿನ ತಿಂಗಳೇ ಒಂದು ಜಿಪ್ಸಮ್ ಬಿಲ್ಲೆ ಹೂತು, ಅದರ ತಂತಿಗಳನ್ನು ಪಕ್ಕದಲ್ಲೇ ಹೊಡೆದ ಗೂಟಕ್ಕೆ ಸುತ್ತಿ ಬಂದಿದ್ದೆವು. ಬಿಲ್ಲೆ ನೆಲದ ನೀರನ್ನು ಹೀರಿ ಒದ್ದೆಯಾದಷ್ಟೂ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಅಗೆಯದೆಯೇ ಹದ ತಿಳಿಯುತ್ತದೆ.

ತಿಮ್ಮಜ್ಜ ಕಡಲೆಕಾಯಿ ಸುಲಿದಿಟ್ಟು ಕಾಯುತ್ತಿದ್ದ. “ಇರೋದು ಇಷ್ಟೇ ಬಿತ್ತನೆ ಬೀಜ, ಬುದ್ಧಿ. ಒಣನೆಲಕ್ಕೆ ಬಿದ್ರೆ ಇರುವೆ ಪಾಲು.”

ಸಾಹೇಬರು ಆ ತಂತಿಗಳನ್ನು ಅಳತೆಯ ಪೆಟ್ಟಿಗೆಗೆ ಸಿಕ್ಕಿಸಿ, ಅದರ ಕೇಳುವ ಫೋನನ್ನು ಕಿವಿಗೆ ಹಚ್ಚಿ, ಒಳಗಿನ ಗುಂಯ್‌ಗುಟ್ಟುವಿಕೆ ಅಡಗುವವರೆಗೂ ಪೆಟ್ಟಿಗೆಯ ತಿರುಗಣೆ ತಿರುಗಿಸಿದರು. ಅದು ನಿಂತ ಗುರುತೇ ಹದದ ಲೆಕ್ಕ. ನಾನು ಆ ಸದ್ದನ್ನೇ ಗಂಟಲಲ್ಲಿ ಹೊರಡಿಸಿದೆ.

“ಸಣ್ ಬುದ್ಯೋರ ಹೊಟ್ಟೇಲಿ ಜೇನು ಕಟ್ಟೈತಾ?” ಎಂದಳು ತಿಮ್ಮಜ್ಜನ ಹೆಂಡತಿ ಸಣ್ಣಮ್ಮ.

“ಒಳ್ಳೇ ಹದ! ಬಿತ್ತಪ್ಪ” ಎಂದರು ಸಾಹೇಬರು.

ತಿಮ್ಮಜ್ಜ ತನ್ನ ಕಾಲಿನ ಧೂಳು ನೋಡಿಕೊಂಡ. ಆದರೂ ಸರ್ಕಾರದ ಮಾತು. ಮನೆಯಿಂದ ಎತ್ತು ಹೊಡೆದುಕೊಂಡು ಬಂದ. ನೇಗಿಲು ತರುವಷ್ಟು ಹೊತ್ತಿಗೆಂದು ಒಂದನ್ನು ನಮ್ಮ ಗೂಟಕ್ಕೆ ಕಟ್ಟಿದ. ಅದು ತನ್ನ ಮಾಮೂಲು ಜಾಗಕ್ಕೆ ಬಂದ ಗತ್ತಿನಲ್ಲಿ ನಿಂತು, ಸಾವಕಾಶವಾಗಿ ಗಂಜಲ ಹೊಯ್ಯಿತು.

“ಅಜ್ಜಾ, ದಿನಾ ಇಲ್ಲೇ ಕಟ್ತೀರಾ?” ಎಂದೆ ನಾನು.

“ಊಂ ಸ್ವಾಮಿ. ನಮ್ ಗೂಟ ಆದ್ರೆ ಕಿತ್ಕೊಂಡ್ ಬುಡ್ತದೆ. ಸರ್ಕಾರದ್ದು ಅಲ್ಲಾಡಾಕಿಲ್ಲ.”

ಆ ಗೂಟ ಹೊಡೆದವನು ನಾನೇ. ಹೊಗಳಿಕೆಗೆ ಬೀಗಬೇಕೋ ಬೇಡವೋ ತಿಳಿಯಲಿಲ್ಲ.

ಸಣ್ಣಮ್ಮ ಸೆರಗು ಬಾಯಿಗಿಟ್ಟುಕೊಂಡಳು. “ನಮ್ ಎತ್ತು ಮಳೆ ಸುರಿಸ್ತು, ನಿಮ್ ಮಿಶನ್ನು ಬಿತ್ತು ಅಂದ್ಬುಡ್ತು!”

ಸಾಹೇಬರ ಮುಖ ಬೋಳುತಲೆಯವರೆಗೂ ಕೆಂಪೇರಿತು. “ಬೀಜ ಒಳಗಿಡಪ್ಪ” ಎಂದರು. ಹೊಲದ ನಡುವೆ ಬೇರೆ ಬಿಲ್ಲೆ ಹೂತೆವು. ಗೂಟ ಮಾತ್ರ ಬೆರಳುದ್ದದ್ದು. ಎತ್ತಿರಲಿ, ಕುರಿಮರಿಯನ್ನೂ ಕಟ್ಟಲಾಗದು. ಆ ಬಿಲ್ಲೆ ಒಣ ಎಂದೇ ಹೇಳುತ್ತಿತ್ತು. ತಿಮ್ಮಜ್ಜನ ಜಗುಲಿಯಲ್ಲಿ ಮುದ್ದೆ ನುಂಗುತ್ತ ಮಳೆಗೆ ಕಾದೆವು. ಸಾಹೇಬರು ಮುದ್ದೆಯನ್ನು ಜಗಿಯುವ ಬಗೆಯನ್ನು ನಾನು ನಟಿಸಿ ತೋರಿಸಿದ ಸಂಜೆಯೇ ಮಳೆ ಸುರಿಯಿತು.

ನೀರು ಇಂಗಿದ ಮೇಲೆ ಸಾಹೇಬರು ಫೋನನ್ನು ತಿಮ್ಮಜ್ಜನ ಕಿವಿಗೇ ಹಚ್ಚಿದರು. ಸದ್ದು ಅಡಗಿದ ಗುರುತು ನೋಡಿ, “ಈಗ ನಿಜವಾದ ಹದ” ಎಂದರು. ತಿಮ್ಮಜ್ಜ ಬಗ್ಗಿ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದ. ಉಂಡೆ ನಿಂತಿತು. “ಮಿಶನ್ನೂ ಮಣ್ಣೂ ಒಂದೇ ಮಾತಾಡ್ತಾವೆ ಕಣಮ್ಮಿ, ಬೀಜ ತಾ!”

ಗಾಡಿ ಹೊರಟಾಗ ತಿರುಗಿ ನೋಡಿದೆ. ನೇಗಿಲ ಹಿಂದೆ ಸಣ್ಣಮ್ಮ ಬೀಜ ಬಿಡುತ್ತಿದ್ದಳು. ಹಳೆಯ ಗೂಟದ ಬಳಿ ಎತ್ತು ಗಕ್ಕನೆ ನಿಂತುಬಿಟ್ಟಿತು. ತಿಮ್ಮಜ್ಜ ತಾಳ್ಮೆಯಿಂದ ಕಾದ. ಸಾಹೇಬರು ಟೋಪಿ ತೆಗೆದು ಎತ್ತಿಗೊಂದು ಸಲಾಮು ಹೊಡೆದರು. ನಾನೂ ಹೊಡೆದೆ, ಈ ಸಲ ಅಣಕಕ್ಕಲ್ಲ.