ಫರ್ಸಿಯ ಮೂಲೆಯ ಗುರುತು

ನಮ್ಮ ಕಡೆಯ ಕಬಡ್ಡಿ ಹುಡುಗರು ತೊಡುವ ಬನಿಯನ್ನಿನ ಎದೆಯ ಮೇಲಿನ ಗುರುತು ಎಲ್ಲಿಂದ ಬಂತೆಂದು ಕೇಳಿದರೆ ಎಲ್ಲರೂ ಸಾಹುಕಾರರ ಕತೆಯನ್ನೇ ಹೇಳುತ್ತಾರೆ. ಅದು ಹಸಿ ಸುಳ್ಳು. ಆ ಸುಳ್ಳಿಗೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ.

ನಮ್ಮಪ್ಪ ಶಹಾಬಾದಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಎಬ್ಬಿಸುತ್ತಿದ್ದ. ಯಾವ ಕಲ್ಲು ಯಾರದೆಂದು ತಿಳಿಯಲು ಪ್ರತಿಯೊಬ್ಬನೂ ಅದರ ಮೂಲೆಯಲ್ಲಿ ಉಳಿಯಿಂದ ತನ್ನ ಗುರುತು ಹೊಡೆಯಬೇಕು. ಅಪ್ಪನದು ಕುಡುಗೋಲಿನಂತೆ ಬಾಗಿದ ಒಂದು ಗೀರು, ಅದರ ತುದಿಗೊಂದು ಚುಕ್ಕೆ. ಅಕ್ಷರ ಬಾರದ ಅವನಿಗೆ ಅದೇ ಹೆಸರು, ಅದೇ ಸಹಿ. ಒಬ್ಬನ ಗುರುತನ್ನು ಇನ್ನೊಬ್ಬ ಹೊಡೆಯುವಂತಿರಲಿಲ್ಲ. ಮಗನಿಗೆ ಮಾತ್ರ ಕೊಡಬಹುದು. ಕೊಟ್ಟ ಮೇಲೆ ಅಪ್ಪ ಅದನ್ನು ಮತ್ತೆ ಹೊಡೆಯುವಂತಿಲ್ಲ.

ನಾನು ಖಣಿಗೆ ಇಳಿಯಲಿಲ್ಲ, ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ಮರುವರ್ಷ ವಾಡಿಯ ಸಾಹುಕಾರರೊಬ್ಬರು ಆಟದ ಬನಿಯನ್, ಚಡ್ಡಿ ಹೊಲಿಸತೊಡಗಿದರು.

"ಎದಿ ಮ್ಯಾಲ ಒಂದು ಗುರ್ತು ಬೇಕು ನೋಡಪಾ. ಓದ್ಲಿಕ್ಕ ಬರಲಾರದವ್ರಿಗೂ ನೆನಪಿರಬೇಕು" ಎಂದರು.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಹಾಗೆ ಅಪ್ಪನ ಗೀರು, ಚುಕ್ಕೆ ಬರೆದುಕೊಟ್ಟುಬಿಟ್ಟೆ. ಅವನನ್ನೊಂದು ಮಾತು ಕೇಳಬೇಕೆಂದೂ ಅನಿಸಲಿಲ್ಲ. ಅಷ್ಟು ಸೊಕ್ಕು.

ಎರಡೇ ವರ್ಷದಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿಯ ಕಬಡ್ಡಿ ತಂಡಗಳೆಲ್ಲ ಅದೇ ಬನಿಯನ್ ತೊಟ್ಟವು. ಅಪ್ಪ ಅದನ್ನು ಮೊದಲ ಸಲ ಕಂಡ ದಿನ ಬೈಯಲಿಲ್ಲ.

"ನೀ ಖಣಿಗಿ ಬರಲಿಲ್ಲ, ಗುರ್ತಾದ್ರೂ ತಗೊಂಡಿ. ಭಾಳ ಚಲೋ ಆಯ್ತು" ಎಂದ.

ಮರುದಿನದಿಂದ ತನ್ನ ಕಲ್ಲಿಗೆ ಬರೀ ಅಡ್ಡಗೆರೆ ಹೊಡೆಯತೊಡಗಿದ. ಹಳೆಯ ಕೈ, ಮರೆತು ಒಮ್ಮೊಮ್ಮೆ ಬಾಗುತ್ತಿತ್ತಂತೆ. ಆಗ ಆ ಕಲ್ಲಿನ ಮೂಲೆಯನ್ನೇ ಒಡೆದು ಹಾಕುತ್ತಿದ್ದನಂತೆ.

ಮುಂದೆ ಒಂದು ಪಂದ್ಯದ ದಿನ ಸಾಹುಕಾರರು ಮೈಕು ಹಿಡಿದು, "ಓಡೋ ಹುಡುಗ ತಿರುವಿನ್ಯಾಗ ಬಾಗಿದ್ದು ನೋಡಿ ನನಗ ಹೊಳೀತು ಈ ಗುರ್ತು" ಎಂದರು. ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದ. ನಾನು ಎದ್ದು ಒಂದು ಮಾತು ಆಡಬಹುದಿತ್ತು. ಅವರ ಹೊಸ ಅಂಗಡಿಯ ಬೋರ್ಡು ಕೈತಪ್ಪೀತೆಂದು ಚಪ್ಪಾಳೆ ತಟ್ಟಿದೆ. ಅಪ್ಪ ನನ್ನ ಕೈಗಳನ್ನೇ ನೋಡಿದ.

"ನಾ ಕೊಟ್ಟಿದ್ದು ನಿನಗ" ಎಂದ, ಮನೆಯ ದಾರಿಯಲ್ಲಿ. "ಅವಗಲ್ಲ."

ಆಮೇಲೆ ಸಾಯುವತನಕ ಆ ವಿಷಯ ಎತ್ತಲಿಲ್ಲ. ಬೈದಿದ್ದರೆ ಇವತ್ತು ಇಷ್ಟು ಉರಿಯುತ್ತಿರಲಿಲ್ಲ.

ಅವನ ಗೋರಿಗೆ ಹಾಸುವ ಫರ್ಸಿಗೆ ನಾನೇ ಉಳಿ ಹಿಡಿದು ಗೀರು, ಚುಕ್ಕೆ ಹೊಡೆದೆ. ಅಭ್ಯಾಸವಿಲ್ಲದ ಕೈ, ಚುಕ್ಕೆ ಸೊಟ್ಟಗಾಯಿತು. ಕಲ್ಲು ಹೊತ್ತು ತಂದವರಲ್ಲಿ ಖಣಿಗೆ ಹೊಸದಾಗಿ ಸೇರಿದವನೊಬ್ಬ ಬಗ್ಗಿ ನೋಡಿದ.

"ಬನಿಯನ್ ಕಂಪನಿ ಗುರ್ತು ಹಾಕೀರಲ್ರಿ. ಕಾಕಾ ಕಬಡ್ಡಿ ಆಡ್ತಿದ್ರೇನು?"

ನಾನು ಹೌದೆಂದೆ.